ಗಾಜಿನ ಮನೆಯ ಕಡಲಕುದುರೆ: ಅದರ ಹಗಲು, ಅದರ ಇರುಳು

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ಅಮೆರಿಕದಿಂದ ಬರೆದ ಪತ್ರದಲ್ಲಿ ಒಂದು ಪ್ರಶ್ನೆಯಿತ್ತು. ಅವರ ಮನೆಯ ಮತ್ಸ್ಯಾಗಾರದಲ್ಲಿ ಒಂದು ಜೋಡಿ ಕಡಲಕುದುರೆಗಳಿವೆ. ಅವರು ಕೆಲಸ ಮುಗಿಸಿ ರಾತ್ರಿ ಮನೆಗೆ ಬರುವ ವೇಳೆಗೆ ಅವು ಬಣ್ಣಗುಂದಿ, ಕೊಂಬೆಯೊಂದಕ್ಕೆ ಬಾಲ ಸುತ್ತಿಕೊಂಡು ನಿಶ್ಚಲವಾಗಿರುತ್ತವೆ. ಇದು ರೋಗವೇ? ಅವನ್ನು ಕಣ್ತುಂಬ ನೋಡಬೇಕೆಂಬ ಆಸೆಯಿಂದ ಅವರು ಮಧ್ಯರಾತ್ರಿಯವರೆಗೂ ದೀಪ ಉರಿಸುತ್ತಿದ್ದರಂತೆ. ಆ ನಿಶ್ಚಲತೆ ರೋಗವಲ್ಲ, ನಿದ್ರೆ. ಕೇಡೇನಾದರೂ ಇದ್ದರೆ ಅದು ಆ ದೀಪದಲ್ಲಿದೆ.

ಕಡಲಕುದುರೆ ಆಕಾರದಲ್ಲಿ ಏನೇ ಆಗಿರಲಿ, ಜಾತಿಯಲ್ಲಿ ಮೀನೇ. ಅದಕ್ಕೆ ಹಲ್ಲಿಲ್ಲ, ಜಠರವೂ ಇಲ್ಲ. ನುಂಗಿದ್ದು ಬೇಗನೆ ಕರುಳನ್ನು ದಾಟಿಹೋಗುವುದರಿಂದ ಎಚ್ಚರವಿರುವಷ್ಟು ಹೊತ್ತೂ ಅದು ಮೇಯುತ್ತಲೇ ಇರಬೇಕು. ವೇಗವಾಗಿ ಈಜಲಾರದ ಈ ಪ್ರಾಣಿ ಒಂದೆಡೆ ಹೊಂಚಿ ನಿಂತು, ಒಂದನ್ನೊಂದು ಅವಲಂಬಿಸದೆ ತಿರುಗಬಲ್ಲ ತನ್ನೆರಡು ಕಣ್ಣುಗಳಿಂದ ಸಣ್ಣ ಸೀಗಡಿಗಳನ್ನು ಗುರುತಿಸಿ, ಕೊಳವೆಯಂಥ ಮೂತಿಯಿಂದ ಥಟ್ಟನೆ ಹೀರಿಕೊಳ್ಳುತ್ತದೆ. ಕಣ್ಣನ್ನೇ ನಂಬಿದ ಬೇಟೆಗಾರನಿಗೆ ಬೆಳಕೇ ಬದುಕು. ಆದ್ದರಿಂದಲೇ ಬಹುಪಾಲು ಪ್ರಭೇದಗಳು ದಿನಚರಗಳು. ರೆಪ್ಪೆಗಳಿಲ್ಲದ ಕಾರಣ ಅವು ಕಣ್ತೆರೆದೇ ನಿದ್ರಿಸುತ್ತವೆ. ನೋಡುವವರಿಗೆ ಸಂದೇಹ ಹುಟ್ಟುವುದು ಸಹಜ.

ಅವುಗಳ ದಿನದಲ್ಲಿ ಅತ್ಯಂತ ರಮಣೀಯವಾದುದು ಮುಂಜಾವು. ಸಿಡ್ನಿಯ ಕಡಲಿನಲ್ಲಿ ಅಮಾಂಡಾ ವಿನ್ಸೆಂಟ್ ಮತ್ತು ಅವರ ಸಂಗಡಿಗರು ನಡೆಸಿ 1995ರಲ್ಲಿ ಪ್ರಕಟಿಸಿದ ಅಧ್ಯಯನವು ಇದನ್ನು ವಿವರವಾಗಿ ದಾಖಲಿಸಿದೆ. ಬೆಳಗಾದೊಡನೆ ಹೆಣ್ಣು ತನ್ನ ಸಂಗಾತಿಯಿರುವ ತಾಣಕ್ಕೆ ಈಜಿಬರುತ್ತದೆ. ಎರಡರ ಮೈಬಣ್ಣವೂ ಬೆಳಗುತ್ತದೆ. ಒಂದೇ ಹುಲ್ಲೆಳೆಯನ್ನು ಬಾಲದಿಂದ ಹಿಡಿದು ಸುತ್ತುತ್ತವೆ, ಜೊತೆಜೊತೆಯಾಗಿ ಚಲಿಸುತ್ತವೆ. ಕೆಲವು ನಿಮಿಷಗಳಲ್ಲಿ ಈ ವಂದನೆ ಮುಗಿದು, ಎರಡೂ ತಮ್ಮ ತಮ್ಮ ಮೇವಿಗೆ ತೆರಳುತ್ತವೆ. ಗಂಡು ಉದರಚೀಲದಲ್ಲಿ ಮರಿಗಳನ್ನು ಹೊತ್ತಿರುವ ದಿನಗಳಲ್ಲಿಯೂ ಈ ಭೇಟಿ ತಪ್ಪುವುದಿಲ್ಲ. ನಡುರಾತ್ರಿಯವರೆಗೆ ದೀಪ ಉರಿಯುವ ಮನೆಯಲ್ಲಿ ಮುಂಜಾವೆಂಬುದೇ ಗೊತ್ತುಗುರಿಯಿಲ್ಲದಂತಾದರೆ, ಈ ದಾಂಪತ್ಯದ ಗತಿಯೇನು?

ಎಲ್ಲ ಪ್ರಭೇದಗಳಿಗೂ ಒಂದೇ ನಿಯಮವೆಂದು ಭಾವಿಸಲಾಗದು. ಫಿಲಿಪೈನ್ಸ್‌ನ ಬೊಹೊಲ್ ಪ್ರಾಂತದ ಹುಲಿಬಾಲದ ಕಡಲಕುದುರೆ ಹಗಲಿನಲ್ಲಿ ಹವಳದ ಸಂದುಗಳಲ್ಲಿ ಅಡಗಿದ್ದು ಇರುಳಿನಲ್ಲಿ ಹೊರಬರುತ್ತದೆ. ಅಲ್ಲಿನ ಬೆಸ್ತರು ದೋಣಿಗೆ ಲಾಂದ್ರ ಕಟ್ಟಿಕೊಂಡು ರಾತ್ರಿಯ ಹೊತ್ತೇ ಅದನ್ನು ಅರಸುತ್ತಿದ್ದರು. ಇಂಥದನ್ನು ಸಾಕಿದವರು ಹಗಲಿನಲ್ಲಿ ಕಂಡು ಸೋಮಾರಿಯೆಂದು ದೂರಿದರೆ ತಪ್ಪು ಮೀನಿನದಲ್ಲ. ಅದಕ್ಕೆ ಸಂಜೆಯ ಮೇವೇ ಮುಖ್ಯ.

ಸಾಕುವವರಿಗೆ ಇದರಿಂದ ದೊರೆಯುವ ತಿಳಿವಳಿಕೆ ಸರಳವಾದುದು. ದಿನಕ್ಕೆ ಹತ್ತು ಹನ್ನೆರಡು ಗಂಟೆಗಳ ಬೆಳಕು, ಉಳಿದಂತೆ ನಿಜವಾದ ಕತ್ತಲೆ, ಅದೂ ನಿತ್ಯವೂ ಒಂದೇ ವೇಳೆಗೆ. ದೀಪವನ್ನು ಒಮ್ಮೆಲೇ ಆರಿಸಿದರೆ ಅವು ಬೆಚ್ಚುವುದುಂಟು. ಕೋಣೆಯ ಮಂದ ಬೆಳಕನ್ನು ಸ್ವಲ್ಪ ಹೊತ್ತು ಉಳಿಸಿ, ಬಳಿಕ ಅದನ್ನೂ ಆರಿಸುವುದು ಲೇಸು. ಕೊನೆಯ ಮೇವನ್ನು ದೀಪವಾರುವುದಕ್ಕೆ ಸಾಕಷ್ಟು ಮುಂಚೆಯೇ ಕೊಡಬೇಕು, ತಿನ್ನದೆ ಉಳಿದದ್ದು ರಾತ್ರಿಯಿಡೀ ಕೊಳೆತು ನೀರನ್ನು ಕೆಡಿಸುತ್ತದೆ. ಇನ್ನೊಂದು ಸಂಗತಿಯನ್ನು ಅನೇಕರು ಗಮನಿಸುವುದಿಲ್ಲ. ಹಗಲಿನಲ್ಲಿ ಆಮ್ಲಜನಕವನ್ನು ಬಿಡುಗಡೆ ಮಾಡುವ ಪಾಚಿಗಳೇ ಇರುಳಿನಲ್ಲಿ ಅದನ್ನು ಬಳಸಿಕೊಳ್ಳುತ್ತವೆ. ಬೆಳಗಿನ ಜಾವಕ್ಕೆ ನೀರಿನಲ್ಲಿ ಅದು ಅತ್ಯಂತ ಕಡಿಮೆ. ಮೀನು ಏದುಸಿರು ಬಿಡುವಂತೆ ಕಂಡರೆ ಅದು ನಿದ್ರೆಯಲ್ಲ, ಅಪಾಯ. ಗಾಳಿಯ ಪಂಪು ರಾತ್ರಿ ನಿಲ್ಲಕೂಡದು.

ನಮ್ಮ ಶಾಲೆಗೊಂದು ಕಡಲಕುದುರೆಯ ಮತ್ಸ್ಯಾಗಾರವನ್ನು ಕೊಡಿಸುವೆನೆಂದು ದಾನಿಗಳೊಬ್ಬರು ಔದಾರ್ಯದಿಂದ ಮುಂದೆ ಬಂದಿದ್ದರು. ಆದರೆ 2001ರಲ್ಲಿ ಭಾರತ ಸರ್ಕಾರವು ಕಡಲಕುದುರೆಗಳನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಗೆ ಒಳಪಡಿಸಿತು. ನಮ್ಮ ಕಡಲಿನಿಂದ ಅವನ್ನು ಹಿಡಿದು ಮಾರುವುದು ಅಪರಾಧ. ದಾನಿಗಳು ಈ ಮಾತನ್ನು ಮನ್ನಿಸಿ, ಆ ಹಣವನ್ನು ಸೂಕ್ಷ್ಮದರ್ಶಕಗಳಿಗೆ ವಿನಿಯೋಗಿಸಲು ಒಪ್ಪಿದರು.

ಅಮೆರಿಕದ ಆ ಹಳೆಯ ವಿದ್ಯಾರ್ಥಿಯ ಎರಡನೆಯ ಪತ್ರವೂ ಬಂದಿದೆ. ಅವರ ಜೋಡಿ ಅಲ್ಲಿಯ ಸಾಕಣೆ ಕೇಂದ್ರದಲ್ಲಿಯೇ ಹುಟ್ಟಿದ್ದು. ಈಗ ಅವರು ರಾತ್ರಿ ಒಂಬತ್ತಕ್ಕೆ ದೀಪ ಆರಿಸುತ್ತಾರೆ. ಬೆಳಗ್ಗೆ ಅರ್ಧ ಗಂಟೆ ಮುಂಚೆ ಎದ್ದು, ಚಹಾದ ಲೋಟ ಹಿಡಿದು ಗಾಜಿನ ಮುಂದೆ ಕೂರುತ್ತಾರಂತೆ.