ಸ್ತನ ಕ್ಯಾನ್ಸರ್: ಆಪರೇಷನ್ ಆದ ಮೇಲೆ ವಿಕಿರಣ ಚಿಕಿತ್ಸೆ ಏಕೆ, ಎಷ್ಟು ದಿನ?



ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವ ಮಕ್ಕಳಲ್ಲಿ ತಾಯಿಯ ಚಿಕಿತ್ಸೆಗಾಗಿ ಕಾಲೇಜು ತಪ್ಪಿಸಿಕೊಂಡವರೂ ಇರುತ್ತಾರೆ. ಇಂಥ ಮನೆಗಳಿಗಾಗಿ ಈ ವರ್ಷದ ಆರೋಗ್ಯ ಮಾಹಿತಿಯನ್ನು ಇಲ್ಲಿ ಕೊಡುತ್ತಿದ್ದೇವೆ.

"ಗಡ್ಡೆ ತೆಗೆದಾಯಿತು, ಇನ್ನು ಕರೆಂಟ್ ಯಾಕೆ?" ಎಂದು ಹಲವರು ಕೇಳುತ್ತಾರೆ. ಇದು ವಿದ್ಯುತ್ ಅಲ್ಲ, ಪ್ರಬಲ ಎಕ್ಸ್-ರೇ. ಕಣ್ಣಿಗೆ ಕಾಣದೆ ಉಳಿದ ಕ್ಯಾನ್ಸರ್ ಕಣಗಳನ್ನು ಇದು ನಾಶಮಾಡುತ್ತದೆ. ಸ್ತನ ಉಳಿಸಿ ಗಡ್ಡೆ ಮಾತ್ರ ತೆಗೆದ ಮಹಿಳೆಯರಲ್ಲಿ, ವಿಕಿರಣ ಪಡೆಯದ 100 ಜನರಲ್ಲಿ 35 ಮಂದಿಗೆ 10 ವರ್ಷದೊಳಗೆ ರೋಗ ಮರಳಿತ್ತು; ಪಡೆದವರಲ್ಲಿ ಸುಮಾರು 19 ಮಂದಿಗೆ. 2011ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದ ಲೆಕ್ಕವಿದು.

ವೈದ್ಯರೊಂದಿಗೆ ಚರ್ಚಿಸಬಹುದಾದ ಆಯ್ಕೆಗಳು:

• 5 ವಾರ, 25 ಸಲ: ಹಳೆಯ ಪದ್ಧತಿ.
• 3 ವಾರ, 15 ಸಲ: ಈಗ ಹೆಚ್ಚು ಬಳಕೆಯಲ್ಲಿದೆ, ಫಲದಲ್ಲಿ ಕಡಿಮೆಯಿಲ್ಲ.
• 1 ವಾರ, 5 ಸಲ: ಆಯ್ದವರಿಗೆ. ಬ್ರಿಟನ್ನಿನ ಅಧ್ಯಯನವೊಂದು 2020ರಲ್ಲಿ ಇದನ್ನು ಸಮರ್ಥಿಸಿತು.
• ಗಡ್ಡೆಯಿದ್ದ ಭಾಗಕ್ಕೆ ಮಾತ್ರ: ಅಪಾಯ ಕಡಿಮೆ ಇರುವವರಿಗೆ.
• ವಿಕಿರಣ ಬಿಡುವುದು: 65 ದಾಟಿದ, ಗಡ್ಡೆ ಸಣ್ಣದಿದ್ದು ಹಾರ್ಮೋನ್ ಮಾತ್ರೆ ತಪ್ಪದೆ ನುಂಗುವ ಕೆಲವರಿಗೆ. ರೋಗ ಅಲ್ಲೇ ಮರಳುವ ಸಾಧ್ಯತೆ ಸ್ವಲ್ಪ ಹೆಚ್ಚು.

ಪೂರ್ತಿ ಸ್ತನ ತೆಗೆದಿದ್ದರೆ, ಕಂಕುಳಿನ ಗ್ರಂಥಿಗಳಿಗೆ ರೋಗ ಹರಡಿಲ್ಲದಿದ್ದರೆ, ಹಲವರಿಗೆ ವಿಕಿರಣ ಬೇಕಾಗುವುದಿಲ್ಲ.

ದಿನಗಳ ಈ ಲೆಕ್ಕ ನಮ್ಮವರಿಗೆ ಮುಖ್ಯ. 1973ರಲ್ಲಿ ಆರಂಭವಾದ ಕಿದ್ವಾಯಿ ಆಸ್ಪತ್ರೆ ಇರುವುದು ಹೊಸೂರು ರಸ್ತೆಯಲ್ಲಿ. ಯಲಹಂಕ, ಹೆಬ್ಬಾಳ, ಆರ್.ಟಿ. ನಗರದವರು ಊರನ್ನೇ ದಾಟಿ ಹೋಗಬೇಕು. 25 ಸಲದ ಬದಲು 15 ಸಲವಾದರೆ ಹತ್ತು ದಿನದ ಕೂಲಿ, ಹತ್ತು ದಿನದ ತರಗತಿ ಉಳಿಯುತ್ತದೆ. ಆದ್ದರಿಂದ "ನಮಗೆ ಕಡಿಮೆ ದಿನದ ಚಿಕಿತ್ಸೆ ಸಾಧ್ಯವೇ?" ಎಂದು ಸಂಕೋಚವಿಲ್ಲದೆ ಕೇಳಿ. ಆರಂಭಿಸಿದ ಮೇಲೆ ಮಾತ್ರ ನಡುವೆ ನಿಲ್ಲಿಸಬೇಡಿ.

ಹೊರಗಿನಿಂದ ಕೊಡುವ ಈ ಚಿಕಿತ್ಸೆಯಿಂದ ತಾಯಿಯ ಮೈಯಲ್ಲಿ ವಿಕಿರಣ ಉಳಿಯುವುದಿಲ್ಲ, ಮಕ್ಕಳನ್ನು ಎತ್ತಿಕೊಳ್ಳಬಹುದು. ಆಯಾಸ, ಚರ್ಮ ಕೆಂಪಾಗುವುದು ಸಾಮಾನ್ಯ. ಮಹಿಳಾ ಸಿಬ್ಬಂದಿ ಬೇಕೆಂದು ವಿನಂತಿಸಬಹುದು. ರಂಜಾನಿನಲ್ಲಿ ರೋಗಿಗೆ ಉಪವಾಸದ ವಿನಾಯಿತಿ ಇದೆ, ಚಿಕಿತ್ಸೆ ಮುಂದೂಡಬೇಕಿಲ್ಲ.

ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಶಕ್ತಿ ಯೋಜನೆಯಿಂದ ತಾಯಿಗೆ ಬಸ್ಸೂ ಉಚಿತ. ಆದರೆ ಜೊತೆಗೆ ಹೋಗುವವರ ಕೂಲಿ, ಮನೆಯ ರೇಷನ್, ಮಕ್ಕಳ ಫೀಸು ಈ ಯೋಜನೆಗಳಲ್ಲಿ ಬರುವುದಿಲ್ಲ. ದಾನಿಗಳ ಝಕಾತ್ ಮತ್ತು ಸದಕಾ ಒದಗಬೇಕಾದದ್ದು ಇಲ್ಲಿ.

ಮನೆಯಲ್ಲಿ ಚಿಕಿತ್ಸೆ ನಡೆಯುತ್ತಿದ್ದರೆ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ತಪ್ಪದೆ ಬರೆಯಿರಿ. ಅದು ಗುಟ್ಟಾಗಿಯೇ ಉಳಿಯುತ್ತದೆ. ಅಲ್ಲಾಹನು ಎಲ್ಲ ರೋಗಿಗಳಿಗೂ ಶಿಫಾ ಕರುಣಿಸಲಿ, ಆಮೀನ್.