ಒಂದೇ ಕೆಲಸ, ಬೇರೆ ಬೇರೆ ಖಾನೆ

ಪ್ರಶ್ನೆ: ಯುರೋಪಿನ ದೇಶಗಳೆಲ್ಲ ಉದ್ಯೋಗಗಳನ್ನು ಒಂದೇ ರೀತಿ ವಿಂಗಡಿಸುತ್ತವೆಯೇ?

ಇಲ್ಲ. ಕೆಲಸಗಾರನಿಗೆ ಮೊದಲು ಕೇಳುವ ಪ್ರಶ್ನೆಯೇ ದೇಶದಿಂದ ದೇಶಕ್ಕೆ ಬೇರೆಯಾಗಬಹುದು. ಜರ್ಮನಿಯ 2010ರ ಪಟ್ಟಿ ಕೇಳುವುದು ಕಸುಬು ಯಾವುದೆಂದು. ಕೆಲಸ ಎಷ್ಟು ಕಠಿಣ ಎಂಬುದಕ್ಕೆ ಐದಂಕಿಯ ಸಂಕೇತದಲ್ಲಿ ಕೊನೆಯ ಅಂಕಿಯಷ್ಟೇ ಮೀಸಲು. ಹಾಗಾಗಿ ಗಾರೆ ಕೆಲಸದ ಸಹಾಯಕನೂ ವಾಸ್ತುಶಿಲ್ಪಿಯೂ ಕಟ್ಟಡ ಕ್ಷೇತ್ರದ ಸಂಕೇತವಾದ 3ರಡಿಯಲ್ಲೇ ಬರುತ್ತಾರೆ. ಬ್ರಿಟನ್ನಿನಲ್ಲಿ ಕೌಶಲವೇ ಮೊದಲು: ವಾಸ್ತುಶಿಲ್ಪಿ 2ನೇ ಗುಂಪಿಗೆ, ಸಹಾಯಕ 9ನೆಯದಕ್ಕೆ. ಫ್ರಾನ್ಸಿನದು ಇನ್ನೊಂದು ದಾರಿ. ಅಲ್ಲಿ 1982ರಲ್ಲಿ ರೂಪುಗೊಂಡ ಪಟ್ಟಿ ಸಾಮಾಜಿಕ ಸ್ಥಾನವನ್ನೇ ಅಳೆಯುತ್ತದೆ. ಸ್ವಂತ ಅಂಗಡಿಯ ಪ್ಲಂಬರ್ ಕುಶಲಕರ್ಮಿಗಳ ಗುಂಪಿಗೆ, ಸಂಬಳದ ಪ್ಲಂಬರ್ ಕಾರ್ಮಿಕರ ಗುಂಪಿಗೆ.

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2008ರ ಪಟ್ಟಿ ಇದೆಯಲ್ಲ, 436 ಕಿರುಗುಂಪುಗಳಿಗೆ ಎಲ್ಲವನ್ನೂ ಪರಿವರ್ತಿಸಿದರಾಯಿತು ಎನ್ನಬಹುದು. ಪರಿವರ್ತನೆ ನಡೆದೇ ಇದೆ. ಆದರೆ ಆ ಇಬ್ಬರು ಪ್ಲಂಬರುಗಳು ಅಲ್ಲಿ ಒಂದಾಗುತ್ತಾರೆ. ಫ್ರಾನ್ಸಿನ ‘ಕಾದ್ರ್’ ಎಂಬ ಮೇಲ್ದರ್ಜೆಯ ನೌಕರವರ್ಗವಂತೂ ವ್ಯವಸ್ಥಾಪಕರು, ವೃತ್ತಿಪರರು ಎಂದು ಒಡೆದುಹೋಗುತ್ತದೆ. ಸ್ಥೂಲ ಗುಂಪುಗಳ ಹೋಲಿಕೆ ನಂಬಬಹುದು, ನಾಲ್ಕಂಕಿಯ ಕಿರುಗುಂಪುಗಳ ಹೋಲಿಕೆಯನ್ನು ಅನುಮಾನದಿಂದಲೇ ಓದಬೇಕು. ಹಾಗಾದರೆ ದೇಶೀಯ ಪಟ್ಟಿಗಳನ್ನೇ ಕೈಬಿಡಬಾರದೇಕೆ? ಜರ್ಮನಿಯ ಉದ್ಯೋಗ ಇಲಾಖೆ ನಿರುದ್ಯೋಗಿಗೆ ಕೆಲಸ ಹುಡುಕುವಾಗ ಬೇಕಾಗುವುದು ಅವನ ಕಸುಬು, ಯುರೋಪಿನ ಸರಾಸರಿಯಲ್ಲ.