ಹುಣಸೆಹಣ್ಣು ಹಾಕಿ ತೊಳೆದ ಆನೆ ಕಾಸು

ತಪ್ಪು ಮೊದಲು ಮಾಡಿದ್ದು ನಾನೇ. ಅದನ್ನು ಮೊದಲೇ ಒಪ್ಪಿಕೊಂಡುಬಿಡ್ತೀನಿ.

ಕಳೆದ ವರ್ಷ ಅಗ್ರಹಾರದ ನಮ್ಮ ಹಳೇ ಮನೆಗೆ ಸುಣ್ಣ ಬಣ್ಣ ಮಾಡಿಸುವಾಗ ಅಟ್ಟದ ಮೇಲೆ ಅಜ್ಜಿಯ ತಗಡಿನ ಡಬ್ಬಿ ಸಿಕ್ತು. ಒಳಗೆ ಅರವತ್ತು ಎಪ್ಪತ್ತು ನಾಣ್ಯ. ಅದರಲ್ಲಿ ಒಂದು ಕಪ್ಪಗೆ ಮಂಕಾಗಿದ್ದ ತಾಮ್ರದ ಕಾಸು, ಮೇಲೆ ನಡೆಯುತ್ತಿರುವ ಆನೆ. ಟಿಪ್ಪು ಸುಲ್ತಾನನ ಕಾಲದ್ದು ಅಂತ ಗೂಗಲ್ ಲೆನ್ಸ್ ಹೇಳ್ತು. ಖುಷಿಯಲ್ಲಿ ನಾನು ಏನು ಮಾಡಿದೆ ಗೊತ್ತಾ? ದೇವರ ತಂಬಿಗೆ ಬೆಳಗೋ ಹಾಗೆ ಹುಣಸೆಹಣ್ಣು, ಉಪ್ಪು ಹಾಕಿ ಗಸಗಸ ಉಜ್ಜಿದೆ. ಆನೆ ಫಳಫಳ ಹೊಳೀತು. ಫೋಟೊ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿದೆ.

ಆ ಫೋಟೊ ನೋಡಿದ ಮೇಲೆ ಅಪ್ಪನಿಗೆ ಹುಚ್ಚು ಹಿಡೀತು. ರಿಟೈರ್ ಆಗಿ ಮನೆಯಲ್ಲಿರುವ ಮನುಷ್ಯ. ಯೂಟ್ಯೂಬ್ ತುಂಬಾ ಅಂಥದ್ದೇ ವಿಡಿಯೊ: ‘ವೈಷ್ಣೋದೇವಿ ಚಿತ್ರದ ಐದು ರೂಪಾಯಿ ಇದ್ಯಾ? ಹತ್ತು ಲಕ್ಷ!’, ‘ಘೇಂಡಾಮೃಗದ ನಾಲ್ಕಾಣೆ ಇದ್ಯಾ? ಕೂಡಲೇ ಕರೆ ಮಾಡಿ!’ ಅಪ್ಪ ಕರೆ ಮಾಡಿದ್ರು. ಆ ಕಡೆಯವನು ರಿಸರ್ವ್ ಬ್ಯಾಂಕಿನ ಲೋಗೊ ಇರುವ ‘ಸರ್ಟಿಫಿಕೇಟ್’ ಕಳಿಸಿದ. ನೋಂದಣಿಗೆ 1,850 ರೂಪಾಯಿ. ಆಮೇಲೆ ‘ಜಿಎಸ್‌ಟಿ’ಗೆ 12,500. ಮೂರನೇ ಸಲ 28,000 ಕೇಳಿದಾಗ ಅಪ್ಪ ನನ್ನ ಹತ್ರ ಬಂದು ‘ಒಂದು ವಾರಕ್ಕೆ ಸಾಲ ಕೊಡ್ತೀಯಾ?’ ಅಂದ್ರು.

ನಾನು ಜೋರು ಮಾಡಿದೆ. ಅವರು ತಲೆ ಎತ್ತಲಿಲ್ಲ. ‘ನಿನ್ನ ಹೋಮ್ ಲೋನ್ ಸ್ವಲ್ಪ ಇಳಿಸೋಣ ಅಂತಿದ್ದೆ ಕಣೋ’ ಅಂದ್ರು. ಆಮೇಲೆ ಬೈಯೋಕೆ ಬಾಯಿ ಬರಲಿಲ್ಲ.

1930ಕ್ಕೆ ಫೋನ್ ಮಾಡಿ ದೂರು ಕೊಟ್ವಿ. ಆದರೆ ಹಣ ಕಳಿಸಿ ಹತ್ತು ದಿನ ಆಗಿತ್ತು, ವಾಪಸ್ ಬರಲಿಲ್ಲ. ಸೈಬರ್ ಮೋಸದಲ್ಲಿ ಮೊದಲ ಕೆಲವು ಗಂಟೆಗಳೇ ಮುಖ್ಯ. ನಾಚಿಕೆಪಟ್ಟುಕೊಂಡು ಸುಮ್ಮನಿದ್ದಷ್ಟೂ ದುಡ್ಡು ದೂರ ಹೋಗುತ್ತೆ. ಹಳೇ ನಾಣ್ಯ ಮಾರಾಟದ ಹೆಸರಲ್ಲಿ ತನ್ನ ಹೆಸರು, ಲೋಗೊ ಬಳಸಿ ಶುಲ್ಕ ಕೇಳುವವರನ್ನು ನಂಬಬೇಡಿ, ಅಂಥ ವ್ಯವಹಾರದಲ್ಲಿ ತಾನು ಇಲ್ಲವೇ ಇಲ್ಲ ಅಂತ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಕೆ ಕೊಟ್ಟಿತ್ತು. ನಮ್ಮೂರಲ್ಲೇ ನೋಟು ಅಚ್ಚಾಗುತ್ತೆ, ನಮಗೇ ಆ ಸುದ್ದಿ ಗೊತ್ತಿರಲಿಲ್ಲ!

ಆಮೇಲೊಂದು ಭಾನುವಾರ ಪರಿಚಯದ ಹಿರಿಯ ಸಂಗ್ರಾಹಕರೊಬ್ಬರ ಮನೆಗೆ ಡಬ್ಬಿ ಸಮೇತ ಅಪ್ಪನನ್ನು ಕರೆದುಕೊಂಡು ಹೋದೆ. ಅವರು ಮೊದಲು ತೆಗೆದಿದ್ದು ಲೆನ್ಸ್ ಅಲ್ಲ. ಸಣ್ಣ ತಕ್ಕಡಿ ಮತ್ತು ಅಯಸ್ಕಾಂತ. 1939ರವರೆಗಿನ ಬ್ರಿಟಿಷ್ ರೂಪಾಯಿ 11.66 ಗ್ರಾಂ ತೂಗಬೇಕು, ಅದರಲ್ಲಿ ಬೆಳ್ಳಿ ಸುಮಾರು ಶೇ 92. ಸವೆದಿದ್ದರೆ ತೂಕ ಕೊಂಚ ಕಡಿಮೆ ಇರಬಹುದು. 1940ರಿಂದ ಬೆಳ್ಳಿ ಅರ್ಧಕ್ಕಿಳೀತು. 1947ರ ರೂಪಾಯಿ ನಿಕ್ಕಲ್, ಅಯಸ್ಕಾಂತಕ್ಕೆ ಟಕ್ ಅಂತ ಅಂಟುತ್ತೆ. ನಮ್ಮ ಡಬ್ಬಿಯಲ್ಲಿದ್ದ ‘1818ರ ಈಸ್ಟ್ ಇಂಡಿಯಾ ಕಂಪನಿ ರಾಮ ದರ್ಬಾರ್’ ನಾಣ್ಯ ನೋಡಿ ನಕ್ಕರು. ಕಂಪನಿ ಅಂಥ ನಾಣ್ಯ ಹೊರಡಿಸಿಯೇ ಇಲ್ಲ, ಪೂಜೆಗೆ ಇಟ್ಕೊಳ್ಳಿ ಅಂದ್ರು. ವೈಷ್ಣೋದೇವಿ ಐದು ರೂಪಾಯಿ? ‘ಅಂಗಡಿಗೆ ಹೋದ್ರೆ ಐದು ರೂಪಾಯಿ ಸಾಮಾನು ಬರುತ್ತೆ.’ ನಾಲ್ಕಾಣೆಗೆ ಅದೂ ಇಲ್ಲ, 2011ರ ಜೂನ್‌ಗೆ ಅದರ ಚಲಾವಣೆಯೇ ಮುಗೀತು.

ಕೊನೆಗೆ ನನ್ನ ಹೊಳೆಯುವ ಆನೆ. ಅವರು ನೋಡಿ ಒಂದು ನಿಮಿಷ ಮಾತಾಡಲಿಲ್ಲ. ‘ಇನ್ನೂರು ವರ್ಷದ ಮೇಲೆ ಆ ಕಪ್ಪು ಬಂದಿತ್ತು. ನೀವು ಒಂದೇ ಸಂಜೆಗೆ ತೆಗೆದ್ರಲ್ಲ’ ಅಂದ್ರು. ತಾಮ್ರದ ಮೇಲಿನ ಆ ಪದರವೇ ನಾಣ್ಯದ ಚರ್ಮ. ಉಜ್ಜಿದ್ದನ್ನು ಸಂಗ್ರಾಹಕರು ದೂರ ಇಡ್ತಾರೆ. ಟಿಪ್ಪು ತನ್ನ ತಾಮ್ರದ ಕಾಸುಗಳಿಗೆ ಆಕಾಶದ ಹೆಸರಿಟ್ಟಿದ್ದನಂತೆ. ಪೈಸೆಗೆ ಜೊಹ್ರಾ, ಅಂದ್ರೆ ಶುಕ್ರ. ಅರ್ಧ ಪೈಸೆಗೆ ಬಹರಾಮ್, ಮಂಗಳ. ನನ್ನದು ಜೊಹ್ರಾ. ನಾನು ಬೆಳಗಿದ್ದು ಶುಕ್ರನನ್ನೇ!

ಅದರ ಜೊತೆಗೆ ಇನ್ನೊಂದು ಕಾಸಿತ್ತು. ಅದೃಷ್ಟಕ್ಕೆ ಅದನ್ನು ನಾನು ಮುಟ್ಟಿರಲಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು. ಕನ್ನಡದಲ್ಲಿ ‘ಮಯಿಲಿ ಕಾಸು’ ಅಂತಿದೆ, ಜೊತೆಗೆ ಇಂಗ್ಲಿಷ್ ಅಕ್ಷರವೂ ಇದೆ. ಅಪ್ಪ ಕನ್ನಡಕ ಏರಿಸಿ ಒಂದೊಂದೇ ಅಕ್ಷರ ಓದಿದ್ರು.

ಮಾರೋದಾದ್ರೆ ಹೇಗೆ ಅಂತ ಕೇಳ್ದೆ. ಬೆಂಗಳೂರಿನ ಮರುಧರ್ ಆರ್ಟ್ಸ್, ಮುಂಬೈನ ಟೋಡಿವಾಲಾದಂಥ ಹರಾಜು ಸಂಸ್ಥೆಗಳು ಕ್ಯಾಟಲಾಗ್ ಮಾಡಿ ಮಾರುತ್ತವೆ. ಕಮಿಷನ್ ಇದ್ದರೆ ಮಾರಾಟದ ಮೊತ್ತದಲ್ಲಿ ಮುರಿದುಕೊಳ್ತಾರೆ, ಮುಂಗಡ ‘ನೋಂದಣಿ’ ಕೇಳಿದವನು ಕಳ್ಳ ಅಂತಲೇ ತಿಳ್ಕೊಳ್ಳಿ. ಕೊಳ್ಳುವವರು ಕೂಗಿದ ಬೆಲೆಯ ಮೇಲೆ ಪ್ರೀಮಿಯಂ, ತೆರಿಗೆ ಸೇರಿಸಿ ಲೆಕ್ಕ ಹಾಕಬೇಕು. ಆನ್‌ಲೈನ್‌ನಲ್ಲಿ ಯಾರೋ ಬರೆದುಕೊಂಡ ಬೆಲೆ ಬೆಲೆಯೇ ಅಲ್ಲ. ಹರಾಜಿನಲ್ಲಿ ನಿಜವಾಗಿ ಮಾರಾಟವಾದ ಬೆಲೆ ನೋಡಿ. ನ್ಯೂಜೆರ್ಸಿಯ ನನ್ನ ಕಸಿನ್ ‘ನನಗೊಂದು ಕಳಿಸೋ’ ಅಂದಿದ್ದ. ಅದೂ ಆಗಲ್ಲ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು, ನಾವು ನೀವು ದೇಶದ ಹೊರಗೆ ಕಳಿಸುವಂತಿಲ್ಲ.

ನಾವು ಎರಡು ಬೆಳ್ಳಿ ರೂಪಾಯಿ ಮಾತ್ರ ಮಾರಿದ್ವಿ. ಕಳೆದುಕೊಂಡಿದ್ದಕ್ಕೆ ಅದು ಸಾಲಲಿಲ್ಲ ಬಿಡಿ. ಉಳಿದವನ್ನು ಅಪ್ಪ ಒಂದೊಂದೇ ಕಾಗದದ ಲಕೋಟೆಗೆ ಹಾಕಿದ್ದಾರೆ (ಪಿವಿಸಿ ಕವರ್ ಬೇಡ, ನಾಣ್ಯ ಹಸಿರು ಹಿಡಿಯುತ್ತೆ). ಪ್ರತಿ ಲಕೋಟೆಯ ಮೇಲೂ ಅವರ ದುಂಡು ಅಕ್ಷರ: ಯಾವ ಕಾಲ, ಎಷ್ಟು ತೂಕ. ಆನೆ ಕಾಸಿನ ಲಕೋಟೆ ಮೇಲೆ ಒಂದು ಸಾಲು ಜಾಸ್ತಿ ಇದೆ: ‘ಮಗ ತೊಳೆದದ್ದು.’

ನಾನು ಇನ್ನೊಂದು ಲಕೋಟೆ ತಗೊಂಡು ‘ಅಪ್ಪ ಕಳೆದದ್ದು – 14,350’ ಅಂತ ಬರೆದು ಪಕ್ಕದಲ್ಲಿಟ್ಟೆ. ಅವತ್ತು ಅಪ್ಪ ತಿಂಗಳ ನಂತರ ಮೊದಲ ಸಲ ನಕ್ಕರು.

ನಿಮ್ಮ ಮನೆ ಅಟ್ಟದಲ್ಲೂ ಡಬ್ಬಿ ಇರಬಹುದು. ತೊಳೀಬೇಡಿ. ಅಪ್ಪ ಅಮ್ಮ ಯಾವ ವಿಡಿಯೊ ನೋಡ್ತಿದ್ದಾರೆ ಅಂತಲೂ ಒಮ್ಮೆ ಪಕ್ಕ ಕೂತು ನೋಡಿ.